ಬೊಂಬಾಯಿ ದಾರಿ

ನಮ್ಮ ಕರಾವಳಿಯ ಚರಿತ್ರೆಯನ್ನು ಅರಸರ ಹೆಸರಿನಲ್ಲಿ ಬರೆದವರಿದ್ದಾರೆ, ಮಠಗಳ ಹೆಸರಿನಲ್ಲಿ ಬರೆದವರಿದ್ದಾರೆ, ಬ್ಯಾಂಕುಗಳ ಹೆಸರಿನಲ್ಲಿಯೂ ಬರೆದವರಿದ್ದಾರೆ. ನನ್ನ ಪ್ರಾಯದವರು ಅದನ್ನು ಬೊಂಬಾಯಿ ದಾರಿಯಲ್ಲಿ ಓದುತ್ತೇವೆ. ಯಾವ ಮನೆಯ ಹುಡುಗ ಯಾವ ಕಾಲದಲ್ಲಿ ಹೋದ, ಯಾರ ಜೊತೆ ಹೋದ, ಅಲ್ಲಿ ಯಾರ ಹೋಟೆಲಿನಲ್ಲಿ ನಿಂತ ಎಂದು ಕೇಳಿದರೆ ಸಾಕು, ಆ ಮನೆಯ ಗದ್ದೆ, ಸಾಲ, ಮದುವೆ, ಮಾಡಿಗೆ ಹಂಚು ಬಿದ್ದ ವರ್ಷ ಎಲ್ಲವೂ ಹಿಂದೆಯೇ ಬರುತ್ತದೆ.

ಈಗ ಆ ದಾರಿ ಒಂದು ರಾತ್ರಿಯದು. ಮಧ್ಯಾಹ್ನ ಮಂಗಳೂರು ಬಿಡುವ ಮತ್ಸ್ಯಗಂಧ ರೈಲು ಮರುದಿನ ಬೆಳಿಗ್ಗೆ ಬೊಂಬಾಯಿಯ ಕುರ್ಲಾದಲ್ಲಿ ಇಳಿಸುತ್ತದೆ. ಹೋದ ಡಿಸೆಂಬರಿನಲ್ಲಿ ಮಗನ ಮನೆಗೆ ಹೊರಟವನು ಉಡುಪಿಯಲ್ಲಿ ಅದನ್ನೇ ಹತ್ತಿದೆ. ಎಂಬತ್ತು ದಾಟಿದ ಮೇಲೆ ಗಾಡಿಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ. ಕಿಟಕಿಯ ಪಕ್ಕ ಕೂತು ಊರುಗಳು ಹಿಂದೆ ಸರಿಯುವುದನ್ನು ನೋಡುತ್ತಾ ಹೋದೆ. ಈ ದಾರಿ ಇಷ್ಟು ಚಿಕ್ಕದಾಗಲು ಮೂರು ತಲೆಮಾರು ನಡೆಯಬೇಕಾಯಿತು. ನೆನಪು ಗಟ್ಟಿಯಿರುವಾಗಲೇ ಅದನ್ನು ಹೇಳಿಡಬೇಕು ಎಂದು ಆ ರಾತ್ರಿ ತೀರ್ಮಾನಿಸಿದೆ.

ಹೋಟೆಲು ಇಡಲು ಮೊದಲು ಹೋದವರು ಅಡುಗೆ ಬಲ್ಲವರು. ಉಡುಪಿಯ ಕೃಷ್ಣ ಮಠದಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ಬದಲಾಗುತ್ತದೆ, ಎಂಟು ಮಠಗಳು ಸರದಿಯಂತೆ ಪೂಜೆಯನ್ನೂ ಅನ್ನದಾನವನ್ನೂ ನಡೆಸುತ್ತವೆ. ಸಾವಿರ ಎಲೆಗೆ ಒಂದೇ ಹದದಲ್ಲಿ ಹುಳಿ, ಸಾರು ಬೇಯಿಸುವ ಕೈಗಳು ಅಲ್ಲಿ ತಯಾರಾದವು. ಆದರೆ ಕೈಯಲ್ಲಿ ವಿದ್ಯೆಯಿದ್ದ ಮಾತ್ರಕ್ಕೆ ಯಾರೂ ಊರು ಬಿಡುವುದಿಲ್ಲ, ನೆಲ ಕೈಬಿಟ್ಟಾಗ ಬಿಡುತ್ತಾರೆ. 1923ರ ಮಳೆಗಾಲದಲ್ಲಿ ಜಿಲ್ಲೆಯ ನದಿಗಳು ಉಕ್ಕಿ ಮನೆ, ತೋಟ, ಗದ್ದೆಗಳನ್ನು ಎಳೆದುಕೊಂಡು ಹೋದವು. ಹಿರಿಯರು ಅದಕ್ಕೆ ಮಾರಿ ಬೊಳ್ಳ ಎನ್ನುತ್ತಿದ್ದರು. ಆ ನೆರೆಯ ಹಿಂದೆಮುಂದೆ ಮದ್ರಾಸು, ಬೆಂಗಳೂರು, ಬೊಂಬಾಯಿ ಎಂದು ಹೊರಟವರು ಬಹಳ. ಅವರು ಇಟ್ಟ ಹೋಟೆಲುಗಳಿಗೆ ಎಂಜಲು ತೆಗೆಯಲು, ಪಾತ್ರೆ ತೊಳೆಯಲು, ನೀರು ಹೊರಲು ಊರಿನಿಂದಲೇ ಹುಡುಗರು ಬೇಕಾದರು. ಹಾಗೆ ಆ ಬ್ರಾಹ್ಮಣ ಅಡುಗೆಯವರ ಹಿಂದೆ ಕೊಂಕಣಿಗರು, ಬಂಟರು, ಬಿಲ್ಲವರು, ಮೊಗವೀರರು, ದೇವಾಡಿಗರು, ಕ್ರೈಸ್ತರು, ಎಲ್ಲರೂ ಹೋಟೆಲಿನ ದಾರಿ ಹಿಡಿದರು.

ನಮ್ಮದು ಶಿರ್ವದ ಹತ್ತಿರದ ಹಳ್ಳಿ. ಅಮ್ಮ ಚಾಲಗೇಣಿಯ ಗದ್ದೆ ಮಾಡುತ್ತಿದ್ದರು. ಮೂಲಗೇಣಿಯವರಿಗೆ ಒಂದಿಷ್ಟು ನೆಲೆಯಿತ್ತು. ಚಾಲಗೇಣಿಯವರನ್ನು ಧಣಿಗಳು ಬೇಡವೆಂದ ವರ್ಷ ಎಬ್ಬಿಸಬಹುದಿತ್ತು. ಬೆಳೆದ ಭತ್ತದಲ್ಲಿ ಗೇಣಿ ಅಳೆದು ಕೊಟ್ಟ ಮೇಲೆ ಉಳಿದದ್ದು ಮಳೆಗಾಲದ ಆಟಿ ತಿಂಗಳವರೆಗೂ ಬರುತ್ತಿರಲಿಲ್ಲ. ಆಟಿಯಲ್ಲಿ ಹಲಸಿನ ಬೀಜ, ಕೆಸುವಿನ ಎಲೆ, ತೆಳು ಗಂಜಿ. ಅಪ್ಪ ನಾನು ಸಣ್ಣವನಿರುವಾಗಲೇ ತೀರಿಕೊಂಡಿದ್ದರು. ಅಳಿಯಸಂತಾನದ ಮನೆಗಳಲ್ಲಿ ಅಮ್ಮನ ಅಣ್ಣನೇ ಯಜಮಾನ. ನನ್ನ ಸೋದರಮಾವ ಬೊಂಬಾಯಿಯ ಕೋಟೆ ಕಡೆ, ಅಂದರೆ ಫೋರ್ಟಿನಲ್ಲಿ, ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು.

ಮಾವ ಹೋದದ್ದು ಹಡಗಿನಲ್ಲಿ. ಮಂಗಳೂರಿನ ಬಂದರಿನಿಂದ ದೋಣಿಯಲ್ಲಿ ಹೋಗಿ ಹೊರಗೆ ನಿಂತ ಸ್ಟೀಮರು ಹತ್ತಬೇಕಿತ್ತು. ಡೆಕ್ಕಿನ ಮೇಲೆ ಚಾಪೆ ಹಾಸಿದವನದೇ ಜಾಗ. ಕಾರವಾರ ಮೊದಲಾದ ಬಂದರುಗಳಲ್ಲಿ ನಿಂತು ನಿಂತು, ಜನ ಮತ್ತು ಸರಕು ಹೇರಿಕೊಂಡು ಅದು ಬೊಂಬಾಯಿ ಮುಟ್ಟುತ್ತಿತ್ತು. ಮಳೆಗಾಲದಲ್ಲಿ ಹಡಗು ಇಲ್ಲ. ಹಾಗಾಗಿ ಬೇಸಗೆಯಲ್ಲಿ ಊರಿಗೆ ಬಂದವನು ಮಳೆ ಹಿಡಿಯುವ ಮೊದಲೇ ಹಿಂದಿರುಗಬೇಕು, ಇಲ್ಲವಾದರೆ ಕೆಲಸ ಹೋಯಿತು. 1947ರ ಜುಲೈ 17ರಂದು ಬೊಂಬಾಯಿಯಿಂದ ರೇವಸಕ್ಕೆ ಹೊರಟ ರಾಮದಾಸ್ ಎಂಬ ಸ್ಟೀಮರು ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಅದು ನಮ್ಮ ಮಂಗಳೂರಿನ ಹಡಗಲ್ಲ. ಆದರೂ ಆ ಸುದ್ದಿ ಬಂದ ಮೇಲೆ ಅಜ್ಜಿ ಮಾವನನ್ನು ಹಡಗು ಹತ್ತಲು ಬಿಡಲಿಲ್ಲವಂತೆ.

ಹಾಗಾಗಿ 1957ರ ಬೇಸಗೆಯಲ್ಲಿ, ಹದಿಮೂರರ ಪ್ರಾಯದಲ್ಲಿ, ನಾನು ಮಾವನ ಹಿಂದೆ ಹೊರಟದ್ದು ಘಟ್ಟ ಹತ್ತಿ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಈಗಿನ ಮಕ್ಕಳು ಕೇಳುತ್ತಾರೆ, ಸಮುದ್ರದ ಬದಿಯಲ್ಲೇ ನೇರ ಹೋಗುವುದು ಬಿಟ್ಟು ಘಟ್ಟ ಯಾಕೆ ಹತ್ತಿದಿರಿ ಎಂದು. ಸಮುದ್ರದ ಬದಿಯಲ್ಲಿ ದಾರಿ ಎಲ್ಲಿತ್ತು? ಉಡುಪಿ ಬಿಟ್ಟರೆ ಸ್ವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ಮುಂದೆ ಅಘನಾಶಿನಿ, ಗಂಗಾವಳಿ, ಕಾಳಿ. ಒಂದೊಂದು ಹೊಳೆಯೂ ಸಮುದ್ರ ಸೇರುವಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ದೊಡ್ಡ ಹೊಳೆಗಳಿಗೆ ಸೇತುವೆಯಿಲ್ಲದೆ ಕಡವಿನಲ್ಲಿ ದೋಣಿಗೆ ಕಾಯಬೇಕು. ಇಷ್ಟೆಲ್ಲ ದಾಟಿ ಕಾರವಾರ ಸೇರಿದರೆ ಮುಂದೆ ಗೋವಾ. ಅದು 1961ರ ಡಿಸೆಂಬರಿನವರೆಗೆ ಪೋರ್ಚುಗೀಸರ ಕೈಯಲ್ಲಿತ್ತು, ನಾನು ಹೊರಟ ಕಾಲಕ್ಕೆ ಗಡಿ ಮುಚ್ಚಿತ್ತು.

ಶಿರ್ವದಿಂದ ಬಸ್ಸಿನಲ್ಲಿ ಹೊರಟು ಸೋಮೇಶ್ವರಕ್ಕೆ ಬಂದೆವು. ಆಗುಂಬೆಯ ಹದಿನಾಲ್ಕು ತಿರುವುಗಳಿಗೆ ದೊಡ್ಡ ಬಸ್ಸು ಆಗದು. ಅಲ್ಲಿ ಇಳಿದು ಸಣ್ಣ ಗಾಡಿಯಲ್ಲಿ ಘಾಟಿ ಹತ್ತಿ, ಮೇಲೆ ಮತ್ತೆ ಬಸ್ಸು ಹಿಡಿದು ಶಿವಮೊಗ್ಗ. ನಾನು ರೈಲು ಕಂಡದ್ದು ಅಲ್ಲಿಯೇ ಮೊದಲು. ಶಿವಮೊಗ್ಗದಿಂದ ಬೀರೂರು. ಬೀರೂರಿನ ಪ್ಲಾಟ್‌ಫಾರಮ್ಮಿನಲ್ಲಿ ಟ್ರಂಕಿಗೆ ತಲೆಕೊಟ್ಟು ಮಲಗಿ, ಪೂನಾ ಮೇಲು ಬಂದಾಗ ಮಾವ ನನ್ನನ್ನು ಕಿಟಕಿಯಿಂದ ಒಳಗೆ ತೂರಿಸಿದರು. ಹುಬ್ಬಳ್ಳಿ, ಲೋಂಡಾ, ಬೆಳಗಾಂವಿ, ಮೀರಜ್. ಇಂಜಿನಿನ ಕರಿ ಕಣ್ಣಿಗೆ ಬಿದ್ದು ಕೆಂಪಾಗಿತ್ತು. ಮೀಟರ್ ಗೇಜು ಆಗ ಪೂನಾಕ್ಕೆ ಮುಗಿಯುತ್ತಿತ್ತು. ಅಲ್ಲಿ ಇಳಿದು ಟ್ರಂಕು ಹೊತ್ತು ದೊಡ್ಡ ಹಳಿಯ ಗಾಡಿಗೆ ಓಡಬೇಕು. ಆ ಗಾಡಿಗೆ ಹೊಗೆಯೇ ಇರಲಿಲ್ಲ, ಕರೆಂಟಿನಲ್ಲಿ ಓಡುತ್ತಿತ್ತು. ಅದು ನನಗೆ ಬೊಂಬಾಯಿಗಿಂತ ದೊಡ್ಡ ಬೆರಗು.

ಟ್ರಂಕಿನಲ್ಲಿ ನನ್ನ ಬಟ್ಟೆ ಎರಡು ಜೊತೆ. ಉಳಿದದ್ದೆಲ್ಲ ಬೇರೆಯವರದು. ಇವರ ಮಗನಿಗೆ ಹಲಸಿನ ಹಪ್ಪಳ, ಅವರ ತಮ್ಮನಿಗೆ ಉಪ್ಪಿನಕಾಯಿ, ಇನ್ನೊಬ್ಬರಿಗೆ ಕೊಬ್ಬರಿ ಎಣ್ಣೆ, ದೈವದ ಪ್ರಸಾದದ ಪೊಟ್ಟಣ. ಊರಿನಿಂದ ಒಬ್ಬ ಹೊರಟರೆ ಊರೇ ಅವನ ಕೈಗೆ ಗಂಟು ಕೊಡುತ್ತಿತ್ತು. ಆ ಗಂಟುಗಳನ್ನು ಮುಟ್ಟಿಸುತ್ತಾ ಹೋದಾಗ ಒಂದೇ ವಾರದಲ್ಲಿ ನನಗೆ ಬೊಂಬಾಯಿಯಲ್ಲಿ ಹತ್ತು ಮನೆಗಳ ಪರಿಚಯವಾಯಿತು. ಮಾವ ಕಾಯಿಲೆ ಬಿದ್ದ ತಿಂಗಳು ನನಗೆ ಊಟ ಹಾಕಿದ್ದು ಆ ಪರಿಚಯವೇ.

ಹೋದ ಡಿಸೆಂಬರಿನ ಗಾಡಿಯಲ್ಲಿ ಹೊನ್ನಾವರ ಬರುವಾಗ ಸೂರ್ಯ ಕಂತುವ ಹೊತ್ತು. ಶರಾವತಿಯ ರೈಲು ಸೇತುವೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಉದ್ದ, ಕೊಂಕಣ ರೈಲಿನ ದಾರಿಯಲ್ಲಿ ಅದೇ ಅತಿ ಉದ್ದದ್ದು. ಗಾಡಿಯ ಸದ್ದು ಅದರ ಮೇಲೆ ಬೇರೆಯಾಗುತ್ತದೆ. ಗೋಕರ್ಣ ರೋಡ್ ದಾಟುವಾಗ ಕತ್ತಲಾಗಿತ್ತು. ಹನೇಹಳ್ಳಿಯಿಂದ ಹೊರಟ ಯಶವಂತ ಚಿತ್ತಾಲರು, ಗೋಕರ್ಣದ ಜಯಂತ ಕಾಯ್ಕಿಣಿ, ನಮ್ಮ ಉಡುಪಿ ಕಡೆಯ ವ್ಯಾಸರಾಯ ಬಲ್ಲಾಳರು, ಇವರೆಲ್ಲ ಇದೇ ಕರಾವಳಿಯಿಂದ ಆ ನಗರಕ್ಕೆ ಹೋಗಿ ಅದನ್ನು ಕನ್ನಡಕ್ಕೆ ತಂದವರು. ಬಲ್ಲಾಳರ ಬಂಡಾಯ ಕಾದಂಬರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಹೋಟೆಲಿನ ಗಲ್ಲೆಯಲ್ಲಿ ಕೂತ ನಾವು ನಮ್ಮ ಮನೆಯವರಿಗೇ ಬಂದಂತೆ ಸಂತೋಷಪಟ್ಟೆವು. ಕಾರವಾರದಲ್ಲಿ ಕಾಳಿ. ಅದರ ರಸ್ತೆ ಸೇತುವೆ ಬಂದದ್ದು 1980ರ ದಶಕದಲ್ಲಿ. 2024ರ ಆಗಸ್ಟಿನ ಒಂದು ರಾತ್ರಿ ಆ ಹಳೆಯ ಸೇತುವೆ ಕುಸಿದು ನದಿಗೆ ಬಿತ್ತು. ನಮ್ಮ ಕರಾವಳಿಯಲ್ಲಿ ದಾರಿ ಎಂಬುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ಮಾಡುತ್ತಲೇ ಇರಬೇಕು.

ಮತ್ತೆ 1957ರ ಬೊಂಬಾಯಿಗೆ ಬಂದರೆ, ಹೋಟೆಲಿನಲ್ಲಿ ನನ್ನ ಮೊದಲ ಕೆಲಸ ಗ್ಲಾಸು ತೊಳೆಯುವುದು. ಆಮೇಲೆ ಟೇಬಲು ಒರೆಸುವುದು. ಅದಾದ ಮೇಲೆ ಬಾಹರ್‌ವಾಲಾ. ತಂತಿಯ ಸ್ಟ್ಯಾಂಡಿನಲ್ಲಿ ಚಹಾದ ಗ್ಲಾಸುಗಳನ್ನು ಹಿಡಿದು ಫೋರ್ಟಿನ ಆಫೀಸುಗಳ ಮೆಟ್ಟಿಲು ಹತ್ತಿ ಇಳಿಯುವವನು ಅವನು. ಯಾವ ಮಾಳಿಗೆಯ ಯಾವ ಗುಮಾಸ್ತರಿಗೆ ಸಕ್ಕರೆ ಕಮ್ಮಿ, ಯಾರಿಗೆ ಖಡಕ್, ಯಾರ ಲೆಕ್ಕ ತಿಂಗಳಿಗೆ, ಯಾರದ್ದು ಆಗಿಂದಾಗ, ಎಲ್ಲ ತಲೆಯಲ್ಲಿ ಇರಬೇಕು. ಮೇಲೆ ಸಪ್ಲೈಯರ್, ಅದರ ಮೇಲೆ ಗಲ್ಲೆ. ಒಳಗೆ ಭಟ್ಟರ ರಾಜ್ಯ. ಅಲ್ಲಿ ದೋಸೆಯ ಕಾವಲಿಗೆ ನಿಲ್ಲುವವನಿಗೆ ಒಂದು ಮರ್ಯಾದೆ, ಹಿಟ್ಟು ರುಬ್ಬುವವನಿಗೆ ಇನ್ನೊಂದು. ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುವುದು, ಬೆಳಗಿನ ಜಾವ ಹಾಲಿನವನು ಬರುವ ಮೊದಲು ಏಳುವುದು. ಕಾಲಿನ ಬೆರಳ ಸಂದು ಸದಾ ನೀರಿನಲ್ಲಿ ನೆನೆದು ಕೊಳೆಯುತ್ತಿತ್ತು. ಮಳೆಗಾಲದಲ್ಲಿ ಅದಕ್ಕೆ ಸುಣ್ಣ ಹಚ್ಚಿಕೊಂಡು ಮಲಗುತ್ತಿದ್ದೆವು.

ನಾನು ಹೋದ ವರ್ಷ ಏಪ್ರಿಲ್ 1ರಿಂದ ನಯೇ ಪೈಸೆ ಬಂದಿತ್ತು. ಗಲ್ಲೆಯ ಹಿಂದೆ ಕೋಷ್ಟಕ ಅಂಟಿಸಿದ್ದರು: ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಗಿರಾಕಿ ಆಣೆ ಕೊಟ್ಟು ಪೈಸೆಯಲ್ಲಿ ಚಿಲ್ಲರೆ ಕೇಳಿದರೆ ದೊಡ್ಡವರೂ ತಡವರಿಸುತ್ತಿದ್ದರು. ನನಗೆ ಆ ಲೆಕ್ಕ ಬಾಯಿಗೆ ಬಂತು. ಅದನ್ನು ಕಂಡ ಗಲ್ಲೆಯವರು ಮಾವನಿಗೆ, “ಈ ಹುಡುಗನನ್ನು ರಾತ್ರಿ ಶಾಲೆಗೆ ಹಾಕಿ ಮಾರಾಯ್ರೆ” ಅಂದರು. ನನ್ನ ಬದುಕು ತಿರುಗಿದ್ದು ಆ ಮಾತಿನಿಂದ.

ಬೊಂಬಾಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಮ್ಮಲ್ಲಿ ಬರೆದದ್ದು ಕಡಿಮೆ. ಊರಿನಿಂದ ಬಂದವರು ಅಲ್ಲಿ ಬಹಳ ಬೇಗ ಸಂಘ ಕಟ್ಟಿಕೊಂಡರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಶನ್ 1932ರದ್ದು. ಸತ್ತರೆ ಮಣ್ಣು ಮಾಡುವುದಕ್ಕೆ, ಕಾಯಿಲೆಗೆ, ಊರಿಗೆ ಕಳಿಸುವುದಕ್ಕೆ ನಾಲ್ಕು ಜನ ಬೇಕೆಂದು ಸೇರಿದವರು ಅಲ್ಲಿಗೇ ನಿಲ್ಲಲಿಲ್ಲ. ತಾವು ಓದದವರು, ಬಂದ ಹುಡುಗರನ್ನು ಓದಿಸಲು ಹೊರಟರು. ಮೊಗವೀರ ರಾತ್ರಿ ಪ್ರೌಢಶಾಲೆ, ಗುರುನಾರಾಯಣ ರಾತ್ರಿ ಪ್ರೌಢಶಾಲೆ ಇವೆಲ್ಲ ಹಾಗೆ ಹುಟ್ಟಿದವು. ಜಾತಿಯ ಸಂಘ ಕಟ್ಟಿದ ಶಾಲೆಯಾದರೂ ಬೆಂಚಿನಲ್ಲಿ ಎಲ್ಲ ಜಾತಿಯ ಹುಡುಗರೂ ಕೂರುತ್ತಿದ್ದರು. ಎಲ್ಲರ ಅಂಗಿಯೂ ಎಣ್ಣೆಯ ಜಿಡ್ಡಿನದೇ.

ಹಗಲು ಬೇರೆ ಮಕ್ಕಳು ಓದುವ ಕಟ್ಟಡ, ಸಂಜೆ ನಮಗೆ. ಮಾಸ್ತರುಗಳು ಹಗಲಲ್ಲಿ ಆಫೀಸಿನ ಗುಮಾಸ್ತರು. ದಿನವಿಡೀ ಲೆಕ್ಕದ ಪುಸ್ತಕ ಬರೆದು ದಣಿದ ಕೈಯಲ್ಲಿಯೇ ಸೀಮೆಸುಣ್ಣ ಹಿಡಿಯುತ್ತಿದ್ದರು. ಪಾಠದ ನಡುವೆ ಹುಡುಗರ ತಲೆ ಡೆಸ್ಕಿಗೆ ವಾಲುವುದು ಮಾಮೂಲು. ನಮ್ಮ ಗಣಿತದ ಮಾಸ್ತರರು ಬೈಯುತ್ತಿರಲಿಲ್ಲ. ನಿದ್ದೆ ಹೋದವನ ಪಕ್ಕ ಬಂದು ನಿಂತು, ದನಿ ತಗ್ಗಿಸದೆ ಅದೇ ಲೆಕ್ಕವನ್ನು ಮತ್ತೊಮ್ಮೆ ಮೊದಲಿನಿಂದ ಮಾಡುತ್ತಿದ್ದರು. ಎಲ್ಲ ಹೋಟೆಲುಗಳಲ್ಲೂ ಶಾಲೆಗೆ ಬಿಡುತ್ತಿರಲಿಲ್ಲ. ಶಾಲೆಗೆ ಹೋಗುತ್ತೇನೆಂದ ನನ್ನ ಗೆಳೆಯನೊಬ್ಬನಿಗೆ ಅವನ ಧಣಿ ಲೆಕ್ಕ ಚುಕ್ತ ಮಾಡಿ ಕಳಿಸಿದರು. ಅವನನ್ನು ನಮ್ಮ ಧಣಿಗಳು ಮರುದಿನವೇ ಕೆಲಸಕ್ಕೆ ಇಟ್ಟುಕೊಂಡರು. ಆರು ಗಂಟೆಗೆ ನಮ್ಮಿಬ್ಬರನ್ನೂ ಅವರೇ ಎಬ್ಬಿಸಿ ಕಳಿಸುತ್ತಿದ್ದರು. ಹಾಗೆ ಓದಿ ಎಸ್.ಎಸ್.ಸಿ. ಮುಗಿಸಿದವರು ಬ್ಯಾಂಕಿನಲ್ಲಿ ಗುಮಾಸ್ತರಾದರು, ವಕೀಲರಾದರು, ಹೋಟೆಲು ಇಟ್ಟರು. 1978ರಲ್ಲಿ ಬಿಲ್ಲವರ ಅಸೋಸಿಯೇಶನ್ನಿನವರು ಭಾರತ್ ಬ್ಯಾಂಕ್ ಎಂಬ ಸಹಕಾರಿ ಬ್ಯಾಂಕನ್ನೇ ಕಟ್ಟಿದರು. ಹೋಟೆಲಿನ ಹುಡುಗನಿಗೆ ಸಾಲ ಕೊಡುವವರು ಯಾರೂ ಇಲ್ಲದ ಊರಿನಲ್ಲಿ ಅದು ಸಣ್ಣ ಸಂಗತಿಯಲ್ಲ.

ಇತ್ತ ಊರಿನಲ್ಲಿ ಅಮ್ಮ ಪೋಸ್ಟಿನವರ ದಾರಿ ನೋಡುತ್ತಿದ್ದರು. ಮನಿಯಾರ್ಡರಿನ ಅಡಿಯ ಚೂರು ಕಾಗದದಲ್ಲಿ ಎರಡು ಸಾಲು ಬರೆಯಲು ಜಾಗವಿರುತ್ತಿತ್ತು. ನಾನು ಕ್ಷೇಮ, ನಿಮ್ಮ ಆರೋಗ್ಯ ನೋಡಿಕೊಳ್ಳಿ ಎಂದು ಬರೆದರೆ ಅದು ತುಂಬುತ್ತಿತ್ತು. ಅಮ್ಮನಿಗೆ ಓದು ಬಾರದು. ಪೋಸ್ಟಿನವರು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುತ್ತಿದ್ದರು. ಆ ಚೂರುಗಳನ್ನು ಅಮ್ಮ ಅಕ್ಕಿಮುಡಿಯ ಮೇಲೆ ಸಿಕ್ಕಿಸಿಡುತ್ತಿದ್ದರು. ಮದುವೆಯಾದ ಮೇಲೆ ನನ್ನ ಹೆಂಡತಿಯೂ ಬಹಳ ಕಾಲ ಊರಿನಲ್ಲೇ ಇದ್ದಳು. ಖೋಲಿಯಲ್ಲಿ ನಾವು ಎಂಟು ಜನ ಗಂಡಸರು ಒಟ್ಟಿಗಿದ್ದೆವು, ಸಂಸಾರಕ್ಕೆ ಜಾಗವೆಲ್ಲಿ? ಬೊಂಬಾಯಿಯ ಹೋಟೆಲು ನಡೆದದ್ದು ನಮ್ಮ ಬೆವರಿನಲ್ಲಿ ಎನ್ನುತ್ತೇವೆ. ಊರಿನಲ್ಲಿ ಒಂಟಿಯಾಗಿ ಬೇಸಾಯ ಮಾಡಿ, ಮಕ್ಕಳನ್ನು ಹೆತ್ತು, ಅತ್ತೆಯರನ್ನು ನೋಡಿಕೊಂಡ ಹೆಂಗಸರ ಲೆಕ್ಕವನ್ನೂ ಅದರಲ್ಲಿ ಬರೆಯಬೇಕು.

1974ರ ಮಾರ್ಚ್ 1ರಂದು ದೇವರಾಜ ಅರಸರ ಸರಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗದ್ದೆ ತಮ್ಮದಾಗಬೇಕಾದರೆ ಗೇಣಿದಾರರು ಫಾರಂ ಏಳರಲ್ಲಿ ಡಿಕ್ಲರೇಶನ್ ಕೊಡಬೇಕು, ಭೂನ್ಯಾಯ ಮಂಡಳಿ ವಿಚಾರಿಸಿ ತೀರ್ಪು ಕೊಡುತ್ತದೆ. ಧಣಿಗಳ ಎದುರು ಕೂರಲೂ ಹೆದರುವವರು ಅವರ ವಿರುದ್ಧ ಅರ್ಜಿ ಹಾಕುವುದೆಂದರೇನು? ಊರಿನಲ್ಲಿ ಎಷ್ಟೋ ಜನ ಹಿಂದೆ ಸರಿದರು. ನಾನು ರಜೆ ಹಾಕಿ ಬಂದು ಅಮ್ಮನ ಫಾರಂ ನನ್ನ ಕೈಯಿಂದಲೇ ಬರೆದೆ. ರಾತ್ರಿ ಶಾಲೆಯ ಅಕ್ಷರ ಆ ದಿನ ಅಮ್ಮನ ಗದ್ದೆಗೆ ಬಂತು. ಧಣಿಗಳು ಸಿಟ್ಟಾದರು, ಎರಡು ವರ್ಷ ಮಾತು ಬಿಟ್ಟರು. ಅವರ ಮಗನೂ ಆಮೇಲೆ ಬೊಂಬಾಯಿಗೇ ಬಂದ. ಗೇಣಿ ಹೋದ ಮೇಲೆ ಆ ಮನೆಗೂ ಅದೇ ದಾರಿಯಾಯಿತು. ನಾನು ಮುಂದೆ ಹೋಟೆಲು ಇಟ್ಟದ್ದು ಡೊಂಬಿವಲಿಯಲ್ಲಿ, ಅವನ ಹೋಟೆಲು ಅಲ್ಲಿಂದ ಎರಡು ರಸ್ತೆ ಆಚೆ. ಕಷ್ಟಸುಖಕ್ಕೆ ಇಬ್ಬರೂ ಒಬ್ಬರಿಗೊಬ್ಬರು ಆದೆವು.

ಡೊಂಬಿವಲಿಗೆ ಹೋಗುವ ಮೊದಲು ನಾನು ಲೋವರ್ ಪರೇಲಿನಲ್ಲಿ ಒಂದು ಸಣ್ಣ ಹೋಟೆಲನ್ನು ಕಂಡಕ್ಟಿಂಗಿಗೆ ತೆಗೆದುಕೊಂಡಿದ್ದೆ. ಹೋಟೆಲು ಬೇರೆಯವರದು, ನಡೆಸುವವನು ನಾನು, ತಿಂಗಳಿಗೆ ಇಷ್ಟೆಂದು ಮಾಲಕರಿಗೆ ಕೊಡುವುದು. ಅದಕ್ಕೂ ಮೊದಲು, ಅರವತ್ತರ ದಶಕದ ಕೊನೆಯಲ್ಲಿ, ದಕ್ಷಿಣದವರು ಹೊರಡಿ ಎಂಬ ಚಳವಳಿ ನಡೆದಾಗ ಉಡುಪಿ ಹೋಟೆಲುಗಳ ಗಾಜು ಒಡೆದಿದ್ದವು. ನಮ್ಮ ಹೋಟೆಲಿನ ಬಾಗಿಲಿಗೆ ಅಡ್ಡ ನಿಂತವರು ಪಕ್ಕದ ಚಾಳಿನ ಮರಾಠಿ ಹೆಂಗಸರು. ಅದನ್ನು ಹೇಳದೆ ಆ ಕಾಲದ ಮಾತು ಆಡಬಾರದು. ಲೋವರ್ ಪರೇಲಿನ ನನ್ನ ಗಿರಾಕಿಗಳೆಲ್ಲ ಬಟ್ಟೆಯ ಗಿರಣಿಯವರು. ಭೋಂಗಾ ಕೂಗಿದಾಗ ನಮ್ಮ ಒಲೆ ಉರಿಯಬೇಕು, ಪಾಳಿ ಬಿಟ್ಟಾಗ ರೈಸ್ ಪ್ಲೇಟ್ ತಯಾರಿರಬೇಕು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮೊದಲ ತಿಂಗಳು ಉದ್ರಿ ಬರೆದೆವು, ಎರಡನೆಯ ತಿಂಗಳೂ ಬರೆದೆವು. ಕೇಳಲು ಬಾಯಿ ಬರುತ್ತಿರಲಿಲ್ಲ. ಅವರ ಸಂಬಳದಲ್ಲೇ ಅಷ್ಟು ವರ್ಷ ನಮ್ಮ ಊರಿಗೆ ಮನಿಯಾರ್ಡರು ಹೋಗಿತ್ತು. ಆ ಮುಷ್ಕರ ಮುಗಿಯಿತು ಎಂದು ಯಾರೂ ಸಾರಲಿಲ್ಲ, ಗಿರಣಿಗಳೇ ಮುಗಿದವು. ನಾನು ಉದ್ರಿ ಪುಸ್ತಕವನ್ನು ಹಾಗೆಯೇ ಕಟ್ಟಿಟ್ಟು ಡೊಂಬಿವಲಿಗೆ ಹೋದೆ.

ಈ ವೇಳೆಗೆ ಊರಿನ ದಾರಿ ಬಸ್ಸಿನದಾಗಿತ್ತು. ಲಕ್ಸುರಿ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಮೈ ಕುಲುಕಿಸಿಕೊಂಡು ಬರುವುದು. ರೈಲು ಬೇಕೆಂದರೆ ಮಂಗಳೂರಿನಿಂದ ದೂರ ಸುತ್ತಿ ಹೋಗಬೇಕು. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು, ಆದರೆ ಅದು ನಾವು ಹೋಗುವ ದಿಕ್ಕಿಗೆ ಬೆನ್ನು ಹಾಕಿ ನಿಂತಿತ್ತು.

ದಿಕ್ಕು ತಿರುಗಿಸಿದವರಲ್ಲಿ ಒಬ್ಬರು ಇದೇ ದಾರಿಯಲ್ಲಿ ಹೋದವರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಬಂದಾಗ ಇಪ್ಪತ್ತರ ಆಸುಪಾಸು. ಮಲಗಲು ಜಾಗವಿಲ್ಲದೆ ಚೌಪಾಟಿಯ ಬೆಂಚಿನಲ್ಲಿ ಮಲಗಿದವರು. ಬಂದರಿನ ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರಿಗೆ ಗುರು. ಡಿಮೆಲ್ಲೊ ಅವರೂ ನಮ್ಮ ಜಿಲ್ಲೆಯವರೇ, ಬಂದರಿನ ಉದ್ದದ ರಸ್ತೆಗೆ ಈಗ ಅವರ ಹೆಸರಿದೆ. 1989ರಲ್ಲಿ ಜಾರ್ಜ್ ರೈಲ್ವೆ ಮಂತ್ರಿಯಾದರು. ಕೊಂಕಣದಿಂದಲೇ ಗೆದ್ದು ಬಂದ ಮಧು ದಂಡವತೆ ಅದೇ ಸರಕಾರದಲ್ಲಿ ಹಣಕಾಸು ಮಂತ್ರ‍ಿ. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮ ಆಯಿತು. ಶೇರು ಬಂಡವಾಳದಲ್ಲಿ ಕೇಂದ್ರದ ಪಾಲು ಶೇಕಡಾ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಅದರ ಮೇಲೆ ಬೇಕಾದ ಹಣ ಬಾಂಡುಗಳಿಂದ. ಇ. ಶ್ರೀಧರನ್ ನಿಗಮದ ಮುಖ್ಯಸ್ಥರಾದರು.

ರೋಹಾದಿಂದ ಮಂಗಳೂರಿನ ತೋಕೂರಿನವರೆಗೆ ಸುಮಾರು 740 ಕಿಲೋಮೀಟರು, 91 ಸುರಂಗ, ಸಣ್ಣದು ದೊಡ್ಡದು ಸೇರಿ ಸುಮಾರು ಎರಡು ಸಾವಿರ ಸೇತುವೆ. ರತ್ನಾಗಿರಿಯ ಹತ್ತಿರ ಕರಬುಡೆ ಸುರಂಗ ಆರೂವರೆ ಕಿಲೋಮೀಟರು. ಅಲ್ಲಿಯೇ ಪಾನವಲ್ ಕಣಿವೆಯ ಸೇತುವೆ 64 ಮೀಟರು ಎತ್ತರ. ಗೋವಾದ ಪೆರ್ನೆಮ್‌ನಲ್ಲಿ ಮಣ್ಣು ಕೆಸರಿನಷ್ಟು ಮೆದು, ಅಗೆದಷ್ಟೂ ಕುಸಿಯುತ್ತಿತ್ತು. ಕೊನೆಗೆ ಮುಗಿದದ್ದು ಆ ಸುರಂಗವೇ. ಮಂಗಳೂರು–ಉಡುಪಿ ನಡುವೆ 1993ರ ಮಾರ್ಚಿನಲ್ಲೇ ಗಾಡಿ ಓಡಿತು. 1998ರ ಜನವರಿ 26ಕ್ಕೆ ಇಡೀ ದಾರಿ ಕೂಡಿತು. ಈ ದಾರಿ ಕಟ್ಟಿದವರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಕೆಲಸದಲ್ಲೇ ಸತ್ತರು. ನಡುರಾತ್ರಿ ಕರಬುಡೆಯೊಳಗೆ ಗಾಡಿ ನುಗ್ಗಿದಾಗ ಕಿವಿ ಕಟ್ಟುತ್ತದೆ. ಅಷ್ಟು ಹೊತ್ತು ನಾನು ಅವರನ್ನೇ ನೆನೆದೆ. ದೂರದ ರಾಜ್ಯಗಳಿಂದ ಬಂದ ಆ ಕೂಲಿಯವರು ನಮ್ಮ ದಾರಿ ಮಾಡಲು ತಮ್ಮ ಊರಿನ ದಾರಿ ಬಿಟ್ಟು ಬಂದವರು.

ರೈಲು ಬಂತು, ಆದರೆ ಆಗ ಹೋಟೆಲಿಗೆ ಹೋಗುವ ಹುಡುಗರು ಊರಿನಲ್ಲಿ ಉಳಿದಿರಲಿಲ್ಲ. ಗದ್ದೆ ಸ್ವಂತದ್ದಾದ ಮನೆಗಳಲ್ಲಿ ಮಕ್ಕಳು ಕಾಲೇಜು ಓದಿ ಬೆಂಗಳೂರಿಗೂ ಗಲ್ಫಿಗೂ ಹೋದರು. ಹದಿಮೂರರ ಹುಡುಗನನ್ನು ಹೋಟೆಲಿಗೆ ಹಾಕುವುದನ್ನು 2006ರ ಅಕ್ಟೋಬರಿನಿಂದ ಕಾನೂನು ತಡೆಯಿತು. ಅದು ಸರಿಯಾದ ಕಾನೂನು. ನನ್ನ ಹಾಗೆ ಹೋದವರಲ್ಲಿ ಓದಿದವರಷ್ಟೇ ಕಾಣುತ್ತಾರೆ, ಗ್ಲಾಸು ತೊಳೆಯುತ್ತಲೇ ಮುದುಕರಾದವರು ಲೆಕ್ಕಕ್ಕೆ ಸಿಗುವುದಿಲ್ಲ.

ಈಗ ನಮ್ಮ ಊರಿನ ಹೋಟೆಲುಗಳಲ್ಲಿ ಬೇರೆ ಊರಿನ ಹುಡುಗರಿದ್ದಾರೆ. ಆ ರಾತ್ರಿ ಗಾಡಿಯಲ್ಲಿ ನನ್ನ ಎದುರಿನ ಸೀಟಿನಲ್ಲಿ ಕೂತವನು ಅಂಥವನೇ, ಇಪ್ಪತ್ತರ ಪ್ರಾಯ. ಉಡುಪಿಯ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಗೆ ನಿಲ್ಲುತ್ತಾನೆ. ಕುರ್ಲಾದಲ್ಲಿ ಇಳಿದು ಗೋರಖಪುರದ ಗಾಡಿ ಹಿಡಿಯುವವನು. ನನ್ನ ಬೊಂಬಾಯಿ ಹಿಂದಿಯಲ್ಲಿ, ಮೊದಲು ಯಾರ ಜೊತೆ ಬಂದೆ ಮಗಾ ಎಂದು ಕೇಳಿದೆ. ಮಾಮಾನ ಜೊತೆ ಅಂದ. ತುಳು ಸಲೀಸಾಗಿ ಮಾತಾಡುತ್ತಾನೆ, “ಒಣಸ್ ಆಂಡಾ ಅಜ್ಜೆರೆ?” ಎಂದು ನನ್ನ ಊಟ ವಿಚಾರಿಸಿದ. ಕನ್ನಡ ಮಾತು ತಿಳಿಯುತ್ತದೆ, ಒಂದಕ್ಷರ ಓದಲು ಬಾರದು. ಬಸ್ಸನ್ನು ಬಣ್ಣ ನೋಡಿ ಹತ್ತುತ್ತಾನಂತೆ. ಆಸ್ಪತ್ರೆಯ ಚೀಟಿ, ಬ್ಯಾಂಕಿನ ಕಾಗದ ಬಂದರೆ ಹೋಟೆಲಿನ ಗಲ್ಲೆಯವರೇ ಓದಿ ಹೇಳಬೇಕು. ಶಾಲೆ ಬಿಟ್ಟದ್ದು ಎಂಟನೆಯಲ್ಲಿ. ಮತ್ತೆ ಓದುವ ಮನಸ್ಸಿದೆಯೇ ಎಂದೆ. ಯಾರು ಕಲಿಸುತ್ತಾರೆ ಚಾಚಾ, ಎಂದು ಕೇಳಿದ. ಅವನು ಕೇಳಿದ್ದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಬಳಿಯಿದೆ.

ನಮ್ಮವರು ಪರವೂರಿನಲ್ಲಿ, ಬಡತನದಲ್ಲಿ, ಹರಿದ ಅಂಗಿಯ ಹುಡುಗರಿಗಾಗಿ ಶಾಲೆ ಕಟ್ಟಿದರು. ಇಂದು ನಮ್ಮದೇ ಊರಿನಲ್ಲಿ, ಹಣವಿರುವ ಕಾಲದಲ್ಲಿ, ನಮ್ಮ ದೋಸೆ ಹುಯ್ಯುವ ಹುಡುಗರಿಗೆ ಒಂದು ಬೆಂಚಿಲ್ಲ. ದೈವಸ್ಥಾನದ ಜೀರ್ಣೋದ್ಧಾರವೆಂದರೆ, ಬ್ರಹ್ಮಕಲಶವೆಂದರೆ ಆಮಂತ್ರಣದಲ್ಲಿ ಮುಂಬಯಿ ಸಮಿತಿ ಎಂದು ಒಂದು ಪುಟ ತುಂಬ ಹೆಸರು ಅಚ್ಚಾಗುತ್ತದೆ. ಆ ಪುಟದಲ್ಲಿರುವ ಹಿರಿಯರಲ್ಲಿ ಅರ್ಧದಷ್ಟು ಜನ ರಾತ್ರಿ ಶಾಲೆಯಲ್ಲಿ ಕೂತವರು ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಅವರನ್ನೇ ನಾನು ಕೇಳುವುದು. ಕನ್ನಡದ ಅಕ್ಷರ, ಲೆಕ್ಕ, ಮುಕ್ತ ಶಾಲೆಯ ಹತ್ತನೆಯ ಪರೀಕ್ಷೆಗೆ ತಯಾರಿ, ಇಷ್ಟು ಸಾಕು. ಮಕ್ಕಳಿಲ್ಲದೆ ಮುಚ್ಚುತ್ತಿರುವ ಕನ್ನಡ ಶಾಲೆಗಳ ಕೋಣೆಗಳು ಸಂಜೆಯ ಮೇಲೆ ಖಾಲಿಯಿವೆ. ನಿವೃತ್ತ ಮಾಸ್ತರರು, ಬ್ಯಾಂಕಿನವರು ಪ್ರತಿ ಊರಿನಲ್ಲೂ ಇದ್ದಾರೆ. ಹೋಟೆಲಿನ ಮಾಲಕರು ವಾರದಲ್ಲಿ ಮೂರು ಸಂಜೆ ಎರಡು ಗಂಟೆ ಬಿಟ್ಟರೆ ಆಯಿತು. ಬಿಡಲಾಗದು ಎನ್ನುವವರು ತಮ್ಮ ಅಪ್ಪನನ್ನು ಆರು ಗಂಟೆಗೆ ಬಿಟ್ಟ ಧಣಿ ಯಾರು ಎಂದು ಮನೆಯಲ್ಲಿ ಕೇಳಿ ನೋಡಲಿ.

ಮಗನ ಮನೆಗೆ ಹೋದ ಮೇಲೆ ಹಳೆಯ ಶಾಲೆಯ ಗೆಳೆಯರಲ್ಲಿ ಬದುಕಿರುವವರಿಗೆಲ್ಲ ಫೋನು ಮಾಡಿ ಇದನ್ನೇ ಹೇಳಿದೆ. ಬ್ಲಾಕ್‌ಬೋರ್ಡಿನ ಖರ್ಚು ತಮ್ಮದು ಎಂದು ಕೆಲವರು ಒಪ್ಪಿದ್ದಾರೆ. ಶಿರ್ವದ ಸುತ್ತಿನ ಯಾವ ಶಾಲೆಯವರು ಒಂದು ಕೋಣೆ ಬಿಟ್ಟುಕೊಟ್ಟರೂ ಗಣಿತದ ಪಾಠ ನಾನು ತೆಗೆದುಕೊಳ್ಳುತ್ತೇನೆ. ನಿದ್ದೆ ಹೋದ ಹುಡುಗನಿಗೆ ಅದೇ ಲೆಕ್ಕವನ್ನು ಮೊದಲಿನಿಂದ ಮಾಡಿ ತೋರಿಸುವಷ್ಟು ತ್ರಾಣ ನನ್ನಲ್ಲಿ ಇನ್ನೂ ಇದೆ.